ನಿನ್ನೆಯ ಶೇಂಗಾ

ಬ್ಯಾಡಗಿಯಲ್ಲಿ ಕೆಮ್ಮಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಬೇರೆ ಊರಲ್ಲಾದರೆ ಒಬ್ಬ ಮನುಷ್ಯ ನಾಲ್ಕು ಸಲ ಕೆಮ್ಮಿದರೆ ನೀರು ಕೊಡುತ್ತಾರೆ, ಬೆನ್ನು ತಟ್ಟುತ್ತಾರೆ, ಸ್ವಲ್ಪ ದೂರ ಸರಿದು ಕೂಡುತ್ತಾರೆ. ಇಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಬಸ್ಸಿನಿಂದ ಇಳಿದವನು ಮೊದಲು ಸೀನುತ್ತಾನೆ, ಆಮೇಲೆ ಕೆಮ್ಮುತ್ತಾನೆ, ಅದಾದ ಮೇಲೆ ತಾನು ಯಾರ ಮನೆಗೆ ಬಂದೆ ಎಂಬುದನ್ನು ಹೇಳುತ್ತಾನೆ. ಊರಿನವರಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ. "ಘಾಟು ಐತಲ್ರಿ" ಎಂದು ನಕ್ಕು ಸುಮ್ಮನಾಗುತ್ತಾರೆ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ಪರಊರಿನ ವ್ಯಾಪಾರಿಗಳಿಗೆ ಸಾರಿ ಸಾರಿ ಹೇಳುವವರೂ ಇವರೇ. ಕೆಮ್ಮಿನ ಮಾತು ಬಂದಾಗ ಮಾತ್ರ ಅದು ಅವರಿಗೆ ನೆನಪಾಗುವುದಿಲ್ಲ.

ಇಂಥ ಊರಿನಲ್ಲಿ ಮುತ್ತವ್ವನ ಕೆಮ್ಮನ್ನು ಎರಡು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುತ್ತವ್ವ ಎಂದರೆ ಮೆಣಸಿನಕಾಯಿ ದಲಾಲಿ ಮಾಡುವ ಕರಬಸಪ್ಪನ ಹೆಂಡತಿ. ವಯಸ್ಸು ಎಪ್ಪತ್ತರ ಹತ್ತಿರ. ಮುಂದೆ ಅಂಗಡಿ, ಹಿಂದೆ ಮನೆ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ ಸುತ್ತಮುತ್ತಲಿನ ರೈತರು ಚೀಲ ಇಳಿಸಿ, ಟೆಂಡರು ಮುಗಿಯುವ ತನಕ ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತ ಕೂಡುತ್ತಾರೆ. ಅವರಿಗೆ ಮಧ್ಯಾಹ್ನದ ಊಟ ದಲಾಲರ ಮನೆಯಲ್ಲಿ. ಈಗ ಹಲವರು ಖಾನಾವಳಿಯ ಚೀಟಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕರಬಸಪ್ಪನೂ ಒಮ್ಮೆ ಆ ಮಾತು ಎತ್ತಿ ನೋಡಿದ. ಮುತ್ತವ್ವ ಆ ದಿನ ಅವನಿಗೂ ಊಟ ಬಡಿಸದೆ, "ನೀವೂ ಖಾನಾವಳಿಗೆ ಹೋಗ್ರಿ, ಚಲೋ ಇರ್ತೈತಂತ" ಎಂದಳು. ಮಾತು ಅಲ್ಲಿಗೇ ಮುಗಿಯಿತು.

ಅವಳ ಪಡಸಾಲೆಯಲ್ಲಿ ಊಟಕ್ಕೆ ಕೂಡುವುದು ಸುಲಭ, ಏಳುವುದು ಕಷ್ಟ. ಎಲ್ಲ ಮನೆಯ ಹೆಂಗಸರೂ "ಇನ್ನೊಂದು ಹಾಕಲೇನ್ರಿ" ಎಂದು ಕೇಳುತ್ತಾರೆ. ಮುತ್ತವ್ವ ಕೇಳುವುದಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಎಂಬುದು ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಸದ್ದಿಲ್ಲದೆ ಹಿಂದಿನಿಂದ ಬಂದು, ನೀವು ಪಕ್ಕದವನ ಜೊತೆ ಧಾರಣೆಯ ಮಾತು ಆಡುತ್ತಿರುವಾಗ, ರೊಟ್ಟಿಯನ್ನು ತಾಟಿಗೆ ಬಿಟ್ಟು ಮುಂದೆ ಹೋಗಿರುತ್ತಾಳೆ. ಕುಪ್ಪೇಲೂರಿನ ಕೊಟ್ರೇಶ ಎಂಬ ರೈತ ಒಮ್ಮೆ ಜಾಣತನ ಮಾಡಿ ಎರಡೂ ಕೈ ಅಡ್ಡ ಹಿಡಿದು ತಾಟು ಮುಚ್ಚಿಕೊಂಡ. ಬಿಸಿ ರೊಟ್ಟಿ ಕೈಯ ಮೇಲೆ ಬಿತ್ತು. ಅವನು ಕೈ ಝಾಡಿಸಿದ, ರೊಟ್ಟಿ ತಾಟಿಗೇ ಜಾರಿತು. ಆ ಮೇಲೆ ಅವನು ಮುತ್ತವ್ವನಿಗೆ ಎದುರಾಡಲಿಲ್ಲ, ಗುರುವಾರದ ದಿನ ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನದೆ ಬರುವುದನ್ನು ರೂಢಿ ಮಾಡಿಕೊಂಡ.

ಹೀಗೆ ಊರಿಗೆಲ್ಲ ಉಣ್ಣಿಸಿದವಳು ತಾನು ಹೇಗೆ ಉಣ್ಣುತ್ತಾಳೆ ಎಂಬುದನ್ನು ಮಾತ್ರ ಯಾರೂ ನೋಡಿದವರಿಲ್ಲ. ಮನೆಯ ಹೆಂಗಸು ಎಲ್ಲರದೂ ಆದ ಮೇಲೆ, ಅಡುಗೆಮನೆಯಲ್ಲಿ, ಒಲೆಯ ಕಡೆ ಮುಖ ಮಾಡಿ ಕೂತು ಉಣ್ಣುವವಳು. ಕೇಳಿದರೆ ಉಂಡೆ ಅನ್ನುತ್ತಾಳೆ, ಮಾತು ಮುಗಿಯಿತು. ಮುತ್ತವ್ವನ ಗುಟ್ಟು ಉಳಿದದ್ದು ಈ ಪದ್ಧತಿಯ ಕೃಪೆಯಿಂದ.

ಮೊದಮೊದಲು ಆದದ್ದು ಇಷ್ಟೇ. ರೊಟ್ಟಿಯ ಚೂರು ಗಂಟಲಲ್ಲಿ ನಿಂತಂತೆ ಅನಿಸುತ್ತಿತ್ತು. ನೀರು ಕುಡಿದರೆ ಕುತ್ತಿಗೆಯ ಎಡಗಡೆ ಗುಳುಗುಳು ಸದ್ದು. ಆಮೇಲೆ ಒಂದು ದಿನ ಸಂಜೆ ಅಂಗಳ ಗುಡಿಸಲು ಬಗ್ಗಿದಾಗ ಬಾಯಿಗೆ ಏನೋ ಬಂತು. ನೋಡಿದರೆ ಬೆಳಿಗ್ಗೆ ತಿಂದ ಮೆಂತ್ಯಪಲ್ಯ. ವಾಂತಿಯಲ್ಲ, ಹೊಟ್ಟೆ ತೊಳಸಿದ್ದಿಲ್ಲ, ಹುಳಿಯಿಲ್ಲ. ಮರೆತ ಕೊಡೆಯನ್ನು ನೆಂಟರು ವಾಪಸು ಕಳಿಸಿದ ಹಾಗೆ, ಹೋದದ್ದು ಹೋದ ಹಾಗೆಯೇ ಬಂದಿತ್ತು. ಮುತ್ತವ್ವ ಸುತ್ತ ಯಾರಾದರೂ ನೋಡಿದರೇ ಎಂದು ಮೊದಲು ನೋಡಿದಳು, ಆಮೇಲೆ ಉಗುಳಿ, ಅದರ ಮೇಲೆ ಒಂದು ಚೊಂಬು ನೀರು ಸುರಿದಳು.

ಅಲ್ಲಿಂದ ಅವಳ ಉಪಾಯಗಳು ಶುರುವಾದವು. ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ಮೆತ್ತಗೆ ಮಾಡಿ ತಿಂದಳು. ಉಂಡಾದ ಮೇಲೆ ಕುತ್ತಿಗೆಯನ್ನು ಕೈಯಿಂದ ಮೇಲಕ್ಕೆ ಒತ್ತಿ, ನಿಂತದ್ದನ್ನು ಹೊರಗೆ ತೆಗೆಯುವುದನ್ನು ತಾನೇ ಕಂಡುಕೊಂಡಳು. ಮಲಗಿದರೆ ಕೆಮ್ಮು ಬರುತ್ತದೆಂದು ತಲೆಗೆ ಮೂರು ದಿಂಬು ಇಟ್ಟುಕೊಂಡಳು. "ಇದೇನ ಇದು, ಮಠದ ಗದ್ದಿಗಿ ಇದ್ದಂಗ ಐತಿ" ಎಂದು ಕರಬಸಪ್ಪ ನಕ್ಕ. "ಘಾಟಿಗೆ ಉಸರ ಕಟ್ಟತೈತ್ರಿ" ಎಂದಳು ಮುತ್ತವ್ವ. ಘಾಟು ಎಂದ ಮೇಲೆ ಕರಬಸಪ್ಪನಿಗೆ ಬೇರೆ ಪ್ರಶ್ನೆ ಇರಲಿಲ್ಲ. ಶ್ರಾವಣದಲ್ಲಿ, ಮಾರುಕಟ್ಟೆಯಲ್ಲಿ ಕಾಯಿಯೇ ಇಲ್ಲದ ಕಾಲದಲ್ಲಿ ಅದೆಲ್ಲಿಯ ಘಾಟು ಎಂದು ಕೇಳುವ ಬುದ್ಧಿ ಅಷ್ಟು ದೊಡ್ಡ ವ್ಯಾಪಾರಿಗೂ ಹೊಳೆಯಲಿಲ್ಲ.

ಮೈ ಇಳಿಯಿತು. ಕೈಬಳೆ ಮೊಣಕೈತನಕ ಓಡಾಡತೊಡಗಿದವು. ಸೊಸೆ ಶೈಲಶ್ರೀ ರಾಣೆಬೆನ್ನೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ದಿನಾ ತೂಕ ಇಳಿಸುವ ಮಾತಾಡುತ್ತಾಳೆ. ಅವಳು ಒಮ್ಮೆ, "ಅತ್ತೀ, ನೀವು ಏನ ಮಾಡಾಕತ್ತೀರಿ ನಂಗೂ ಹೇಳ್ರಿ, ಇಷ್ಟ ಸಣ್ಣ ಆಗೀರಿ" ಎಂದು ಖರೇ ಆಸೆಯಿಂದ ಕೇಳಿದಳು. "ಕೆಲಸ ಮಾಡಾಕತ್ತೇನಿ, ನೀನೂ ಮಾಡು" ಎಂದು ಮುತ್ತವ್ವ ಅವಳ ಕೈಗೆ ಕಸಬರಿಗೆ ಕೊಟ್ಟಳು.

ಡಾಕ್ಟರಿಗೆ ತೋರಿಸಿದ್ದರೆ ಆಗುತ್ತಿತ್ತಲ್ಲ ಎನ್ನಬಹುದು. ಮುತ್ತವ್ವ ಹೆದರಿದ್ದು ಡಾಕ್ಟರಿಗಲ್ಲ. ಅವಳ ತವರಿನಲ್ಲಿ ಒಬ್ಬ ಚಿಕ್ಕವ್ವ ಇದ್ದಳು. ಆಕೆಗೆ ಯಾವಾಗಲೂ ಕೆಮ್ಮು. ಅದು ಏನು ಕೆಮ್ಮೋ ಯಾರಿಗೂ ತಿಳಿಯದು, ಕೇಳಿದವರೂ ಇಲ್ಲ. ಓಣಿಯ ಹೆಂಗಸರು ತಾವೇ ಒಂದು ಹೆಸರು ಇಟ್ಟರು. ಆಕೆಯ ತಾಟು ಬೇರೆಯಾಯಿತು, ಚೊಂಬು ಬೇರೆಯಾಯಿತು. ಒಂದು ಹಬ್ಬದಲ್ಲಿ ಆಕೆ ಬಡಿದ ರೊಟ್ಟಿಯ ಬುಟ್ಟಿ ಹೇಗೆ ಇಟ್ಟಿದ್ದಳೋ ಹಾಗೆಯೇ ಉಳಿದಿತ್ತು. ಮುತ್ತವ್ವ ಆಗ ಲಂಗದ ಹುಡುಗಿ. ಚಿಕ್ಕವ್ವ ಸಂಜೆ ಆ ರೊಟ್ಟಿಯನ್ನೆಲ್ಲ ಮುರಿದು ಎಮ್ಮೆಯ ಮುಂದೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದಳು. ಆಕೆ ಅತ್ತಿರಲಿಲ್ಲ, ಎಮ್ಮೆಯ ಹಣೆ ತುರಿಸುತ್ತ ನಿಂತಿದ್ದಳು. ಈಗ ತನಗೆ ಬರೀ ಕೆಮ್ಮಲ್ಲ, ನುಂಗಿದ ಅನ್ನ ಬಾಯಿಗೆ ವಾಪಸು ಬರುತ್ತದೆ ಎಂದು ಮಂದಿಗೆ ಗೊತ್ತಾದರೆ ತನ್ನ ಕೈಯ ರೊಟ್ಟಿಯನ್ನು ಯಾರು ತಿಂದಾರು? ಪಡಸಾಲೆ ಖಾಲಿ ಬೀಳುವುದಕ್ಕಿಂತ ಮೂರು ದಿಂಬಿನ ಮೇಲೆ ಒರಗಿ ಕೆಮ್ಮುವುದು ವಾಸಿ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಗುಟ್ಟು ಹೀಗೆಯೇ ನಡೆಯುತ್ತಿತ್ತೇನೋ. ಆದರೆ ಕಣ್ಣು ಕೈಕೊಟ್ಟವು. ಒಂದು ಸೋಮವಾರ ಮುತ್ತವ್ವ ಹಿಂದಿನಿಂದ ಬಂದು ಬಿಟ್ಟ ರೊಟ್ಟಿ ರೈತನ ತಾಟಿಗೆ ಬೀಳದೆ, ಪಕ್ಕದಲ್ಲಿ ಕೂತಿದ್ದ ಕರಬಸಪ್ಪನ ತೊಡೆಯ ಮೇಲೆ ಬಿತ್ತು. ಮುಂದಿನ ಗುರುವಾರ ಪಲ್ಯ ಅವನ ಧೋತರದ ಮೇಲೆ ಬಿತ್ತು. ತೋರಿಸಿದಾಗ ಡಾಕ್ಟರು ಕಣ್ಣಿಗೆ ಪೊರೆ ಬಂದಿದೆ, ತೆಗೆಸಬೇಕು ಎಂದರು. ಮುತ್ತವ್ವ ಕೂಡಲೇ ಒಪ್ಪಿದಳು. ಯಾರ ತಾಟು ಖಾಲಿ ಇದೆ ಎಂಬುದು ಕಾಣದಿದ್ದರೆ ಕಣ್ಣಿದ್ದು ಏನು ಬಂತು ಎಂಬುದು ಅವಳ ವಿಚಾರ. ಕಣ್ಣಿನ ರೋಗಕ್ಕೆ ಯಾರೂ ರೊಟ್ಟಿ ಬಿಡುವುದಿಲ್ಲ ಎಂಬ ಧೈರ್ಯವೂ ಇತ್ತು.

ಹಾವೇರಿಯ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕಬಾರದು ಎಂದು ಹೇಳಿ ಕಳಿಸಿದ್ದರು. ಮುತ್ತವ್ವ ಹಿಂದಿನ ದಿನ ಸಂಜೆ ಮಂಡಕ್ಕಿ ಒಗ್ಗರಣೆ ತಿಂದವಳು, ಮತ್ತೆ ಒಂದು ಹನಿ ನೀರು ಮುಟ್ಟಲಿಲ್ಲ. ಬೆಳಿಗ್ಗೆ ಕರಬಸಪ್ಪ ಅವಳ ಎದುರಿಗೇ ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದಾಗಲೂ ಅವಳು ಮುಖ ಆಚೆ ತಿರುಗಿಸಿ ಕೂತಳು. ಶೈಲಶ್ರೀ ಕಾಲೇಜಿಗೆ ರಜೆ ಹಾಕಿ ಜೊತೆಗೆ ಬಂದಳು.

ಹಸಿರು ಅಂಗಿ ತೊಡಿಸಿ, ಮೇಜಿನ ಮೇಲೆ ಅಂಗಾತ ಮಲಗಿಸಿದರು. ದಿಂಬು ಇಲ್ಲ. ಎರಡು ವರ್ಷದ ನಂತರ ಮುತ್ತವ್ವ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ ಮಲಗಿದ್ದಳು. ಕಣ್ಣಿಗೆ ಹನಿ ಹಾಕಿ, ಮುಖದ ಮೇಲೆ ಬಟ್ಟೆ ಹೊದಿಸುವ ಹೊತ್ತಿಗೆ ಕುತ್ತಿಗೆಯಲ್ಲಿ ಗುಳು ಎಂದಿತು. ಅವಳಿಗೆ ಗೊತ್ತಾಯಿತು, ಬರುತ್ತಿದೆ. ಏಳುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಹತ್ತು ಮಂದಿಯ ಎದುರು ಮಾನ ಹೋಗುತ್ತದೆ. ಹಲ್ಲು ಕಚ್ಚಿ ವಾಪಸು ನುಂಗಲು ನೋಡಿದಳು. ಅದು ಹೋಗಬೇಕಾದ ದಾರಿ ಬಿಟ್ಟು ಉಸಿರಿನ ದಾರಿಗೆ ಹೋಯಿತು.

ಕೆಮ್ಮು ಬಂದದ್ದಲ್ಲ, ಕೆಮ್ಮೂ ಬಾರದಂತಾದದ್ದೇ ಭಯ ಹುಟ್ಟಿಸಿತು. ಎದೆ ಹಿಡಿದುಕೊಂಡಿತು. ತಾನು ಸಾಯುತ್ತೇನೆ ಎಂದು ಮುತ್ತವ್ವನಿಗೆ ಖಾತ್ರಿಯಾಯಿತು. ನರ್ಸು ಅವಳನ್ನು ಎಬ್ಬಿಸಿ ಕೂಡಿಸಿ, ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಗುದ್ದಿದಳು. ಆಗ ಬಂತು ಕೆಮ್ಮು. ಬಿಳಿ ಬಟ್ಟೆಯ ಮೇಲೆ ಒಂದಿಷ್ಟು ಮಂಡಕ್ಕಿ ಬಿತ್ತು, ಅದರ ಜೊತೆಗೆ ಒಂದು ಇಡೀ ಶೇಂಗಾ.

ಡಾಕ್ಟರ್ ಪ್ರಿಯಾಂಕಾ ಇನ್ನೂ ಚಿಕ್ಕ ವಯಸ್ಸಿನವಳು. ಕತ್ತರಿ ಹಿಡಿದಿರಲಿಲ್ಲ ಎಂಬುದೊಂದು ಪುಣ್ಯ. ಉಸಿರು ಹದಕ್ಕೆ ಬಂದ ಮೇಲೆ ಆಕೆ ಶೇಂಗಾವನ್ನು ನೋಡಿದಳು, ಮುತ್ತವ್ವನನ್ನು ನೋಡಿದಳು.

"ಏನಾತ್ರಿ ಅಮ್ಮಾರ?"

"ಘಾಟುರೀ" ಎಂದಳು ಮುತ್ತವ್ವ, ರೂಢಿಯಿಂದ.

"ಇದು ಹಾವೇರಿ ರೀ. ಇಲ್ಲೆಲ್ಲಿಂದ ಬಂತ್ರಿ ಘಾಟು? ಏನೂ ತಿನ್ನಬ್ಯಾಡ್ರಿ ಅಂತ ಹೇಳಿದ್ದೆ. ಇದೇನಿದು ಶೇಂಗಾ?"

ಅಷ್ಟರಲ್ಲಿ ಗದ್ದಲ ಕೇಳಿ ಕರಬಸಪ್ಪನೂ ಶೈಲಶ್ರೀಯೂ ಬಾಗಿಲಿಗೆ ಬಂದಿದ್ದರು. ಕರಬಸಪ್ಪ ಹಣೆ ಬಡಿದುಕೊಂಡ. "ಕದ್ದು ತಿಂದಾಳ ನೋಡ್ರಿ. ಮುಂಜಾನೆ ನಾನು ಬಿಸ್ಕೀಟ ತಿನ್ನೂವಾಗ ಮಾರಿ ಆ ಕಡೆ ತಿರುವಿದ್ಲು. ನನಗ ಆಗ ಸಂಶೇ ಬಂದಿತ್ತು."

ಈ ಮಾತು ಮುತ್ತವ್ವನಿಗೆ ತಾಗಿದ ಹಾಗೆ ಗಂಟಲಿಗೆ ಸಿಕ್ಕ ಶೇಂಗಾವೂ ತಾಗಿರಲಿಲ್ಲ. ಊರಿಗೆಲ್ಲ ಉಣ್ಣಿಸಿದ ಮೇಲೆ ಉಳಿದದ್ದನ್ನು ಉಂಡವಳು, ಐವತ್ತು ವರ್ಷ ಸಂಸಾರ ಮಾಡಿದವಳು, ಗಂಡನ ಬಾಯಿಂದ ಕದ್ದು ತಿಂದಳು ಅನ್ನಿಸಿಕೊಳ್ಳಬೇಕೇ? ಒಂದು ಕಡೆ ಮಾನ, ಇನ್ನೊಂದು ಕಡೆ ಗುಟ್ಟು. ಎರಡನ್ನೂ ಉಳಿಸಿಕೊಳ್ಳುವ ದಾರಿ ಕಾಣಲಿಲ್ಲ. ಸಿಟ್ಟು ಬಂದದ್ದರಿಂದ ವಿಚಾರ ಮಾಡುವ ಕೆಲಸವೂ ತಪ್ಪಿತು.

"ಯಾರ ಕದ್ದು ತಿಂದಾರ?" ಎಂದು ಹಸಿರು ಅಂಗಿಯಲ್ಲೇ ಎದ್ದು ನಿಂತಳು. "ನಾ ಮುಂಜಾನೆಯಿಂದ ಉಗುಳ ನುಂಗಿ ಕುಂತೇನಿ. ಇದು ನಿನ್ನಿ ಸಂಜೀದು! ನಿನ್ನಿ ಶೇಂಗಾ ಐತಿದು! ಎರಡ ವರ್ಷ ಆತು ಹಿಂಗ ಬರಾಕತ್ತು. ಹೇಳಬಾರದು ಅಂತ ಹೇಳಿದ್ದಿಲ್ಲ, ಈಗ ಹೇಳೇನಿ. ಕೇಳಿದ್ರಿಲ್ಲೋ?"

ಹೇಳಿಯಾದ ಮೇಲೆ ಮುತ್ತವ್ವ ಬಾಯಿಗೆ ಸೆರಗು ಹಿಡಿಯಲು ಹೋದಳು, ಹಸಿರು ಅಂಗಿಗೆ ಸೆರಗು ಇರಲಿಲ್ಲ.

ಪ್ರಿಯಾಂಕಾ ನಗಲಿಲ್ಲ. ಸ್ಟೂಲು ಎಳೆದುಕೊಂಡು ಎದುರು ಕೂತಳು. "ಬರೋ ಅನ್ನ ಹುಳಿ ಇರತೈತೇನ್ರಿ?"

"ಇಲ್ಲ. ಹೆಂಗ ಹೋಗಿತ್ತೋ ಹಂಗ ಬರ್ತೈತಿ. ಉಪ್ಪು ಸೈತ ಕಡಿಮಿ ಆಗಿರಂಗಿಲ್ಲ."

"ನೀರು ಕುಡಿದ್ರ ಕುತ್ತಿಗ್ಯಾಗ ಸಪ್ಪಳ?"

ಮುತ್ತವ್ವ ಬೆರಗಾದಳು. ತನ್ನ ಅಡುಗೆಮನೆಯ ಕತ್ತಲಲ್ಲಿ ನಡೆದದ್ದು ಹಾವೇರಿಯ ಈ ಹುಡುಗಿಗೆ ಹೇಗೆ ತಿಳಿಯಿತು? ಕೇಳಿದ್ದಕ್ಕೆಲ್ಲ ಹೌದು ಹೌದು ಎನ್ನುತ್ತ ಹೋದಳು.

"ನಾ ಕಣ್ಣಿನ ಡಾಕ್ಟರ. ಇದನ್ನ ಗಂಟಲ ನೋಡವ್ರು ನೋಡಬೇಕು" ಎಂದು ಪ್ರಿಯಾಂಕಾ ಸಾವಕಾಶ ಹೇಳಿದಳು. "ಆದ್ರ ನನಗನಸೋದು ಹೇಳ್ತೇನಿ. ಅನ್ನ ಇಳಿಯೋ ನಳಿಗೆ ಮ್ಯಾಲೊಂದು ಬಾಗಲ ಐತಿ. ವಯಸ್ಸಾದಂಗ ಕೆಲವರಿಗೆ ಆ ಬಾಗಲ ಪೂರ್ತಿ ತೆರೆಯಂಗಿಲ್ಲ. ನಾವು ನೂಕಿ ನೂಕಿ ನುಂಗಿದ್ರ ಅದರ ಮ್ಯಾಲಿನ ಗೋಡಿ ಉಬ್ಬಿ ಒಂದ ಸಣ್ಣ ಚೀಲ ಆಗತೈತಿ. ಅನ್ನ ಆ ಚೀಲದಾಗ ಬೀಳತೈತಿ, ಹೊಟ್ಟಿಗೆ ಹೋಗಂಗಿಲ್ಲ. ಮಲಗಿದ್ರ, ಬಗ್ಗಿದ್ರ ಹೊರಗ ಚೆಲ್ಲತೈತಿ. ಪಕ್ಕದಾಗ ಉಸಿರಿನ ದಾರಿ ಐತಲ್ರಿ, ಅದಕ್ಕ ಹೋಗತೈತಿ. ನಿಮ್ಮ ಕೆಮ್ಮು ಮೆಣಸಿನಕಾಯಿದಲ್ಲ ಅಮ್ಮಾರ, ಊಟದ್ದು."

ಮುತ್ತವ್ವ ತಗ್ಗಿದ ದನಿಯಲ್ಲಿ ಒಂದೇ ಮಾತು ಕೇಳಿದಳು: "ಇದು ಅಂಟತೈತೇನ್ರಿ?"

"ಚೀಲ ಹೆಂಗ ಅಂಟತೈತ್ರಿ? ಇಲ್ಲ."

ಮುತ್ತವ್ವ ತಲೆಯಾಡಿಸಿದಳು. ತನಗೆ ನಂಬಿಕೆ ಬಂತು. ಆದರೆ ತನ್ನ ಕೈಯ ರೊಟ್ಟಿ ಉಣ್ಣಲು ಕೂಡುವವಳು ತಾನಲ್ಲವಲ್ಲ, ಮಂದಿ.

ಕಣ್ಣಿನ ಕೆಲಸ ಮುಂದಕ್ಕೆ ಹೋಯಿತು. ಸಂಜೆಗೆ ಜ್ವರ ಬಂತು. ಮರುದಿನ ಎದೆಯ ಫೋಟೋ ತೆಗೆದಾಗ ಬಲಗಡೆಯ ಪುಪ್ಪುಸದ ಕೆಳಭಾಗ ಮಬ್ಬಾಗಿತ್ತು. ಊಟದ ಕಣ ಇಳಿದು ನ್ಯುಮೋನಿಯಾ ಆಗಿದೆ, ಹಿಂದೆಯೂ ಸಣ್ಣದಾಗಿ ಆಗಿರಬಹುದು, ಇನ್ನು ತಡಮಾಡಿದ್ದರೆ ಜೀವಕ್ಕೇ ಬರುತ್ತಿತ್ತು ಎಂದು ಹಾವೇರಿಯ ದೊಡ್ಡ ಡಾಕ್ಟರು ಹೇಳಿದರು. ಕರಬಸಪ್ಪ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು, ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ ಹೆಂಡತಿಯನ್ನು ನೋಡಿದ. ಒಂದು ಹಿಡಿ ಕಾಯಿ ಮೂಸಿ ನೋಡಿ ಯಾವ ಹೊಲದ್ದು, ಯಾವ ಕೊಯ್ಲಿನದು ಎಂದು ಹೇಳಬಲ್ಲ ಮನುಷ್ಯ, ಪಕ್ಕದ ಹಾಸಿಗೆಯ ಕೆಮ್ಮು ಏನೆಂದು ಹೇಳಲಾರದೆ ಹೋಗಿದ್ದ. ಅವನಿಗೆ ಅಳು ಬಂತು. ಮುತ್ತವ್ವ ಕಣ್ಣು ತೆರೆದವಳು, "ಘಾಟೇನ್ರಿ?" ಎಂದಳು. ಜ್ವರದಲ್ಲೂ ಅವಳು ಸಾಲ ಇಟ್ಟುಕೊಳ್ಳುವವಳಲ್ಲ.

ಎದೆ ಹಗುರಾದ ಮೇಲೆ ಹುಬ್ಬಳ್ಳಿಗೆ ಹೋದರು. ಸುಣ್ಣದ ನೀರಿನಂಥ ಬಿಳಿ ಔಷಧ ಕುಡಿಸಿ ಚಿತ್ರ ತೆಗೆದರು. ಪರದೆಯ ಮೇಲೆ ಮುತ್ತವ್ವನ ಗಂಟಲ ಹಿಂದೆ ಬಿಳಿಯ ಚೀಲವೊಂದು ಜೋತುಬಿದ್ದದ್ದು ಎಲ್ಲರಿಗೂ ಕಂಡಿತು. ಕರಬಸಪ್ಪ ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದ. "ಎಷ್ಟ ಹಿಡೀತೈತ್ರಿ ಇದು?" ಎಂದು ಕೇಳಿದ. ಗಂಟಲ ಡಾಕ್ಟರ್ ಹೇಮಂತ ದೊಡ್ಡ ಲಿಂಬೆಹಣ್ಣಿನಷ್ಟು ಎಂದರು. ಮುತ್ತವ್ವ ಬಿ.ಪಿ.ಗೆ ದಿನಾ ಗುಳಿಗೆ ನುಂಗುತ್ತಿದ್ದರೂ ಅದು ಇಳಿಯದೆ ಇದ್ದದ್ದಕ್ಕೂ ಕಾರಣ ಇದೇ ಇರಬೇಕು, ಗುಳಿಗೆಗಳೂ ಚೀಲದಲ್ಲೇ ಕೂಡುತ್ತಿದ್ದವು ಎಂದೂ ಹೇಳಿದರು. "ದಲಾಲರ ಮನಿ ಹೆಂಗಸಿಗೆ ಚೀಲ ಬರದ ಮತ್ತೇನ ಬಂದೀತು" ಎಂದ ಕರಬಸಪ್ಪ. ಮುತ್ತವ್ವ ಅವನ ಕಡೆ ನೋಡಿದ ನೋಟಕ್ಕೆ ಅವನು ಕನ್ನಡಕ ಇಳಿಸಿ ಹಿಂದೆ ಸರಿದ.

ಕುತ್ತಿಗೆ ಕೊಯ್ಯದೆ ಬಾಯಿಯ ಮೂಲಕವೇ ಹೋಗಿ, ಚೀಲಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆ ಸೀಳಿ ಎರಡನ್ನೂ ಒಂದು ಮಾಡುವುದೆಂದು ತೀರ್ಮಾನವಾಯಿತು. ಎರಡು ದಿನ ಮೊದಲಿನಿಂದ ಬರೀ ತಿಳಿನೀರು. ಅರಿವಳಿಕೆ ಕೊಡುವ ಡಾಕ್ಟರು ಬಂದು, "ಕಡೆಗೆ ಯಾವಾಗ ಉಂಡೀರಿ?" ಎಂದು ಕೇಳಿದಾಗ ಮುತ್ತವ್ವ ಉಂಡದ್ದನ್ನಷ್ಟೇ ಅಲ್ಲ, ಬಂದದ್ದನ್ನೂ, ಒತ್ತಿ ತೆಗೆದದ್ದನ್ನೂ, ಇನ್ನೂ ಒಳಗೆ ಇರಬಹುದೆಂಬ ಸಂಶಯವನ್ನೂ ಬಿಡಿಸಿ ಹೇಳಿದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳಿಗೆ ಮುಚ್ಚಲು ಕಾರಣ ಉಳಿದಿರಲಿಲ್ಲ. "ಎಲ್ಲಾರೂ ಇಷ್ಟ ಚಂದ ಹೇಳಿದ್ರ ನಮ್ಮ ಕೆಲಸ ಅರ್ಧ ಆಗಿರ್ತಿತ್ತು" ಎಂದು ಅವರು ಹೋದರು.

ಎಲ್ಲ ಸುಸೂತ್ರವಾಯಿತು. ಮನೆಗೆ ಬಂದ ಮೇಲೆ ಕೆಲವು ವಾರ ಗಂಜಿ, ಆಮೇಲೆ ಮೆತ್ತನ್ನ ಅನ್ನ, ಆಮೇಲೆ ನೆನೆದ ರೊಟ್ಟಿ. ನೆಟ್ಟಗೆ ಕೂತು ಉಣ್ಣಬೇಕು, ಸಣ್ಣ ತುತ್ತು ಇಡಬೇಕು, ಒಂದೊಂದು ತುತ್ತಿಗೂ ಎರಡು ಸಲ ನುಂಗಬೇಕು, ಉಂಡ ಕೂಡಲೇ ಅಡ್ಡಾಗಬಾರದು. ಇದೆಲ್ಲವನ್ನೂ ಮುತ್ತವ್ವ ಒಪ್ಪಿದಳು. ಉಣ್ಣುವಾಗ ಮಾತಾಡಬಾರದು ಎಂಬುದನ್ನು ಕಷ್ಟಪಟ್ಟು ಒಪ್ಪಿದಳು. ಕಡೆಯದೊಂದನ್ನು ಮಾತ್ರ ಒಪ್ಪಲಿಲ್ಲ. ಒಬ್ಬಳೇ ಕೂತು ಉಣ್ಣಬಾರದು, ಯಾರಾದರೂ ಕಣ್ಣೆದುರು ಇರಬೇಕು ಎಂದು ಹೇಮಂತ ಡಾಕ್ಟರು ಹೇಳಿದ್ದರು. ಎಲ್ಲರಿಗಿಂತ ಕಡೆಗೆ ಉಣ್ಣುವವಳ ಎದುರು ಯಾರಿರುತ್ತಾರೆ? "ಒಲಿ ಇರ್ತೈತಲ್ಲ" ಎಂದಳು ಮುತ್ತವ್ವ. "ಒಲಿ ಬೆನ್ನಿಗೆ ಗುದ್ದತೈತೇನ್ರಿ ಅತ್ತೀ?" ಎಂದಳು ಶೈಲಶ್ರೀ.

ಈ ನಡುವೆ ಕರಬಸಪ್ಪ ಹೆಂಡತಿ ಬದುಕಿದ ಸಂತೋಷಕ್ಕೆ ಇಡೀ ಮಾರುಕಟ್ಟೆಗೆ ಚೀಲದ ಕಥೆ ಹೇಳಿ ಮುಗಿಸಿದ್ದ. ಹೊಗಳಿಕೆಯಿಂದಲೇ ಹೇಳಿದ್ದ, ಶೇಂಗಾವನ್ನೂ ಬಿಟ್ಟಿರಲಿಲ್ಲ. ಇದು ತಿಳಿದ ದಿನ ಮುತ್ತವ್ವ ಅವನ ಜೊತೆ ಮಾತು ಬಿಟ್ಟಳು. ಆಮೇಲಿನ ಸೋಮವಾರ ಪಂಕ್ತಿ ತೆಳುವಾಗಿತ್ತು. "ಕಾಯಿ ಇನ್ನೂ ಒಣಗಿಲ್ಲ, ಮಂದಿ ಬಂದಿಲ್ಲ" ಎಂದ ಕರಬಸಪ್ಪ. ಇದ್ದರೂ ಇರಬಹುದು. ಆದರೆ ರೊಟ್ಟಿ ಬಡಿಯಲು ಬರುವ ಸಿದ್ದವ್ವ ಸಂಜೆ ಉಳಿದ ರೊಟ್ಟಿಯ ಬುಟ್ಟಿ ಎತ್ತಿಡುವಾಗ ಮುತ್ತವ್ವ ಅದನ್ನೇ ನೋಡುತ್ತ ಕೂತಿದ್ದಳು. ಅವಳಿಗೆ ಚಿಕ್ಕವ್ವನ ಎಮ್ಮೆ ನೆನಪಾಯಿತು.

ಗುರುವಾರ ಬಂತು. ಕಟ್ಟೆಯ ಮೇಲೆ ಮಂದಿ ಇದ್ದರು, ಕೊಟ್ರೇಶನೂ ಬಂದಿದ್ದ. ಊಟದ ಹೊತ್ತಿಗೆ ಮುತ್ತವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸಿದ್ದವ್ವ ಬಡಿಸಲಿ ಎಂದಳು. ಮಂದಿ ಬೇಡ ಎಂದರೆ ಅದನ್ನು ನೋಡುವ ಧೈರ್ಯ ಅವಳಿಗೆ ಇರಲಿಲ್ಲ. ಶೈಲಶ್ರೀ ಆ ದಿನವೂ ರಜೆ ಹಾಕಿದ್ದಳು. ಅವಳು ಪಡಸಾಲೆಯಲ್ಲಿ ರೈತರ ಸಾಲಿನಲ್ಲೇ, ಕೊಟ್ರೇಶನ ಪಕ್ಕಕ್ಕೆ, ಒಂದು ಮಣೆ ಹಾಕಿ ತಾಟು ಇಟ್ಟು ಬಂದು, ಅತ್ತೆಯ ರಟ್ಟೆ ಹಿಡಿದಳು.

"ಡಾಕ್ಟರು ಒಬ್ಬರ ಉಣಬ್ಯಾಡ್ರಿ ಅಂದಾರ. ಬರ್ರಿ."

"ಗಂಡಸರ ಪಂಕ್ತ್ಯಾಗ ನಾನೇನ ಕುಂದರ್ಲಿ? ಹುಚ್ಚ ಹಿಡಿದೈತೇನ ನಿನಗ?"

"ಯಕ್ಕಾ, ಬಾರಬೇ" ಎಂದು ಕೊಟ್ರೇಶ ಹೊರಗಿನಿಂದ ಕೂಗಿದ. "ನಾವೇನ ನಿನ್ನ ತಾಟಿಗೆ ಕೈ ಹಾಕಂಗಿಲ್ಲ."

ಅವನು ನಗೆಗೆ ಅಂದ ಮಾತು ಮುತ್ತವ್ವನಿಗೆ ಬೇರೆಯಾಗಿಯೇ ಕೇಳಿತು, ನಿನ್ನ ತಾಟು ಮುಟ್ಟುವುದಿಲ್ಲ ಎಂದಂತೆ. ಆದರೂ ಎಲ್ಲರ ಎದುರು ಹಟ ಮಾಡಿ ನಿಲ್ಲಲು ಆಗದೆ ಬಂದು ಕೂತಳು. ಜೀವಮಾನದಲ್ಲಿ ಮೊದಲ ಸಲ ಅವಳು ತನ್ನ ಪಡಸಾಲೆಯನ್ನು ಕೂತು ನೋಡಿದಳು. ಸೆರಗು ಬಿಗಿ ಮಾಡಿ, ನೆಟ್ಟಗೆ ಕೂತು, ಗುಬ್ಬಿಗಿಡುವಷ್ಟು ತುತ್ತು ಮುರಿದು, ಅಗಿದು, ಎರಡು ಸಲ ನುಂಗಿದಳು. ಸಾಲಿನಲ್ಲಿ ಧಾರಣೆಯ ಮಾತೂ ಇರಲಿಲ್ಲ. ಎಲ್ಲರೂ ತಂತಮ್ಮ ತಾಟು ನೋಡುತ್ತ, ಅವಳನ್ನು ನೋಡುತ್ತಿಲ್ಲ ಎಂದು ತೋರಿಸುತ್ತ ಉಣ್ಣುತ್ತಿದ್ದರು.

ಬೇಗನೆ ಎಲ್ಲರದೂ ಮುಗಿಯಿತು. ಮುತ್ತವ್ವನದು ಅರ್ಧ ರೊಟ್ಟಿಯೂ ಆಗಿರಲಿಲ್ಲ. ಪಂಕ್ತಿಯಲ್ಲಿ ಒಬ್ಬರದು ಉಳಿದಿದ್ದರೆ ಉಳಿದವರು ಏಳುವ ಹಾಗಿಲ್ಲ. ಕೈ ಒಣಗಿಸಿಕೊಂಡು ಕೂತರು. ಮಾತಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ಅವಳು ಎಡಗೈಯಿಂದ ಏಳಿ ಏಳಿ ಎಂದು ಸನ್ನೆ ಮಾಡಿದಳು. ಯಾರೂ ಏಳಲಿಲ್ಲ. ಅವಳು ಇನ್ನೊಂದು ತುತ್ತು ಬಾಯಿಗಿಟ್ಟಳು.

ಆಗ ಅವಳ ಕಣ್ಣು ಪಕ್ಕಕ್ಕೆ ಹೊರಳಿತು. ಪೊರೆ ಇನ್ನೂ ತೆಗೆಸಿರಲಿಲ್ಲ, ಆದರೆ ಇಷ್ಟು ಹತ್ತಿರದ ಖಾಲಿ ತಾಟು ಪೊರೆಯ ಒಳಗಿನಿಂದಲೂ ಕಂಡಿತು. ಕೊಟ್ರೇಶ ಗೋಡೆಗೆ ಒರಗಿ ಬೇರೆ ಕಡೆ ನೋಡುತ್ತಿದ್ದ. ಮುತ್ತವ್ವನ ಕೈ ತಾನಾಗಿ ಎದುರಿಗೆ ಇಟ್ಟಿದ್ದ ರೊಟ್ಟಿಯ ಬುಟ್ಟಿಗೆ ಹೋಯಿತು, ಒಂದು ರೊಟ್ಟಿ ಎತ್ತಿ ಸದ್ದಿಲ್ಲದೆ ಅವನ ತಾಟಿಗೆ ಬಿಟ್ಟಿತು.

ಬಿಟ್ಟ ಮೇಲೆ ಅವಳಿಗೆ ಅರಿವಾಯಿತು. ಅದು ಉಣ್ಣುತ್ತಿದ್ದ ಕೈ. ಬಾಯಿಗೆ ಹೋಗಿ ಬಂದ ಎಂಜಲ ಕೈ. ರೊಟ್ಟಿಯ ಅಂಚಿಗೆ ಅವಳ ಬೆರಳಿನ ಪಲ್ಯ ಹತ್ತಿತ್ತು. ಎರಡು ವರ್ಷ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಳೋ ಅದನ್ನು ಈಗ ಎಲ್ಲರ ಕಣ್ಣೆದುರು, ತಾನೇ, ಒಬ್ಬರ ತಾಟಿಗೆ ಹಾಕಿದ್ದಳು. ಸಿದ್ದವ್ವ ನಿಂತಲ್ಲೇ ನಿಂತಳು. ಶೈಲಶ್ರೀ ಒಂದು ಹೆಜ್ಜೆ ಮುಂದೆ ಬಂದಳು, ತಾಟು ತೆಗೆಯಲೋ ಬೇಡವೋ ತಿಳಿಯದೆ ಅವಳೂ ನಿಂತಳು. ಮುತ್ತವ್ವನ ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು.

ಕೊಟ್ರೇಶ ರೊಟ್ಟಿ ನೋಡಿದ. ಮುತ್ತವ್ವನ ಮುಖ ನೋಡಿದ. ಅವನ ಹುಬ್ಬು ಗಂಟಾದವು.

"ಯಕ್ಕಾ, ಇದೇನ ಅನ್ಯಾಯ! ನಾ ಬ್ಯಾಡ ಅಂತ ಇನ್ನೂ ಅಂದೇ ಇಲ್ಲ, ಅಷ್ಟರಾಗ ಹಾಕಿಬಿಟ್ಟೆಲ್ಲಬೇ?" ಎಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಅಂಚಿನ ಕಡೆಯಿಂದಲೇ ಮುರಿದಿದ್ದ. "ಹಾಕೋದ ಹಾಕಿದಿ, ಪಲ್ಯ ಯಾರ ಹಾಕ್ತಾರ?"

ಅವನ ಆಚೆ ಕೂತಿದ್ದವನು ತನ್ನ ಖಾಲಿ ತಾಟನ್ನು ಕೊಟ್ರೇಶನ ಮುಂದೆ ಹಾಯಿಸಿ ಮುತ್ತವ್ವನ ಕೈಗೆ ಎಟಕುವಷ್ಟು ಹತ್ತಿರ ಸರಿಸಿದ, ಧಾರಣೆ ಎಷ್ಟಾತು ಎಂದು ಕರಬಸಪ್ಪನನ್ನು ಕೇಳತೊಡಗಿದ.

ಮುತ್ತವ್ವ ಪಲ್ಯ ತರಲು ಸಿದ್ದವ್ವನಿಗೆ ಕಣ್ಣಿನಲ್ಲೇ ಗದರಿದಳು. ಕಣ್ಣು ತುಂಬಿದ್ದರಿಂದ ಅದು ಗದರಿದಂತೆ ಕಾಣಲಿಲ್ಲ. ಆಮೇಲೆ ನೆಟ್ಟಗೆ ಕೂತು, ಬಾಯಲ್ಲಿದ್ದ ತುತ್ತನ್ನು ಡಾಕ್ಟರು ಹೇಳಿದ ಹಾಗೆ ಎರಡು ಸಲ ನುಂಗಿದಳು. ಇಳಿಯಿತು.